ಅಟ್ಟದಿಂದ ಇಳಿದ ದೋಣಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನಮರ ಎಣಿಸಲು ಹೊರಟವರಿಗೆ ತಲೆ ಕೆಡುತ್ತದೆ, ದೋಣಿ ಎಣಿಸಲು ಹೊರಟವರಿಗೆ ಕೆಲಸವೇ ಸಿಗುವುದಿಲ್ಲ. ಹೇಳಿಕೊಳ್ಳುವಂಥ ಹೊಳೆ ಇಲ್ಲದ ಸೀಮೆ ಅದು. ಹಾಗಿದ್ದೂ ಹೋದ ಬೇಸಿಗೆಯಲ್ಲಿ ನಾನು ಒಂದು ದೋಣಿಯ ಪೂರ್ವಾಪರ ಹುಡುಕುತ್ತ ಆ ಕಡೆ ತಿಂಗಳುಗಟ್ಟಲೆ ಒಬ್ಬಳೇ ಅಲೆದೆ.

ಹಳೆಯ ಮರದ ವಸ್ತುಗಳನ್ನು ಶುಚಿ ಮಾಡಿ, ಹುಳು ಹಿಡಿಯದಂತೆ ಕಾಪಾಡಿ, ಅವು ಎಲ್ಲಿಂದ ಬಂದವು, ಯಾರ ಬಳಿ ಇದ್ದವು ಎಂದು ಪತ್ತೆ ಹಚ್ಚಿ ವರದಿ ಬರೆದುಕೊಡುವುದು ನನ್ನ ಕೆಲಸ. ಮರ ಮಾತಾಡುವುದಿಲ್ಲ, ನಾನೂ ಹೆಚ್ಚು ಮಾತಾಡುವವಳಲ್ಲ. ಆದ್ದರಿಂದ ಇಷ್ಟು ವರ್ಷ ನಮ್ಮಿಬ್ಬರಿಗೂ ಹೊಂದಿಕೊಂಡು ಹೋಗಿದೆ.

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಮನೆಯ ಅಟ್ಟ ಕೆಡವಿಸುತ್ತಿದ್ದರು. ಆ ಕಡೆ ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಸುರಿದು ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಎನ್ನುವವರೆಗೆ ಯಾರೂ ಅವಸರ ಮಾಡುವುದಿಲ್ಲ. ಹಾಗಾದ ಮೇಲೆಯೇ ಅದು ಉಂಡೆ ಕೊಬ್ಬರಿ. ಆ ಅಟ್ಟದ ಮೂಲೆಯಲ್ಲಿ, ಒಂದೇ ದಿಮ್ಮಿಯನ್ನು ತೋಡಿ ಮಾಡಿದ ದೋಣಿಯೊಂದು ಹೊಟ್ಟೆ ತುಂಬ ಕಾಯಿ ಇಟ್ಟುಕೊಂಡು ಕೂತಿತ್ತು. ಉದ್ದ ಸುಮಾರು ಎರಡೂವರೆ ಮಾರು, ಒಬ್ಬರು ಮಲಗಿದರೆ ಮೈ ಹಿಡಿಸುವಷ್ಟು ಅಗಲ.

ಹೊಸದಾಗಿ ಸಿದ್ಧವಾಗುತ್ತಿದ್ದ ವಸ್ತುಸಂಗ್ರಹಾಲಯವೊಂದಕ್ಕೆ ಅದನ್ನು ಪುಕ್ಕಟೆಯಾಗಿ ಕೊಡಲು ವ್ಯಾಪಾರಿ ಒಪ್ಪಿದ್ದರು. ಅವರದ್ದು ಒಂದೇ ಷರತ್ತು.

"ಬೋರ್ಡಲ್ಲಿ ನಮ್ಮ ತಾತನ ವಿಚಾರ ಬರಬೇಕು ಕಣ್ರೀ. ಸಮುದ್ರದ ಕಡೆಯಿಂದ ಎತ್ತಿನ ಗಾಡಿ ಮೇಲೆ ಹಾಕ್ಕೊಂಡು ಬಂದಿದ್ದು ಅವರು. ಘಾಟಿ ಹತ್ತಿಸಿ ತಂದವ್ರೆ ಅಂದ್ರೆ ಸುಮ್ನೇನಾ? ಅದೊಂದು ಬಂದ್ರೆ ಸಾಕು, ನಂಗೆ ಬೇರೇನೂ ಬೇಡ."

ಸಂಗ್ರಹಾಲಯದ ಸಮಿತಿಯದ್ದೂ ಒಂದು ಷರತ್ತಿತ್ತು. ದೋಣಿಯ ಚರಿತ್ರೆ ನಂಬುವಂತಿದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಒಳಗಿನ ಮಸಿಯನ್ನೆಲ್ಲ ತೆಗೆದು ಹೊಳೆಯುವ ಹಾಗೆ ಮಾಡಿ ಕಳಿಸಬೇಕು ಎಂದಿದ್ದರು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿ, ಫಲಕಕ್ಕೆ ಅಲೆಗಳ ಚಿತ್ರವನ್ನೂ ಬರೆಸಿ ಇಟ್ಟಿದ್ದರು. ಸಮಿತಿ ಬೇಡವೆಂದರೆ ಕಾದು ಕೂತಿದ್ದ ಇನ್ನೊಬ್ಬರಿದ್ದರು. ಹೆದ್ದಾರಿ ಪಕ್ಕದಲ್ಲಿ ರೆಸಾರ್ಟ್ ಕಟ್ಟುತ್ತಿದ್ದ ಅವರು ದೋಣಿಯನ್ನು ಉದ್ದಕ್ಕೆ ಸೀಳಿ ಕೌಂಟರ್ ಮಾಡಿಸಲು ಅಳತೆ ತೆಗೆದುಕೊಂಡು ಹೋಗಿದ್ದರು. ಅಂದರೆ ನನ್ನ ವರದಿ ನಿಂತರೆ ದೋಣಿ ಉಳಿಯುತ್ತಿತ್ತು, ಬಿದ್ದರೆ ಗರಗಸಕ್ಕೆ ಹೋಗುತ್ತಿತ್ತು.

ವ್ಯಾಪಾರಿಯ ಹಿತ್ತಲಿನಲ್ಲಿ ತಗಡಿನ ಮಾಡಿನ ಕೆಳಗೆ ದೋಣಿ ಇಳಿಸಿ ಕೆಲಸ ಶುರು ಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವಳು ನಾನಲ್ಲ. ಸಮುದ್ರದ್ದು ಎಂದಮೇಲೆ ಮೊದಲು ಉಪ್ಪು ನೋಡಬೇಕು. ತಳದಿಂದ, ಅಂಚಿನಿಂದ, ಬಿರುಕಿನ ಒಳಗಿನಿಂದ ಚೂರು ಹೊಟ್ಟು ಕೆರೆದು, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಪರೀಕ್ಷೆಯ ದ್ರಾವಣ ಒಂದೊಂದು ತೊಟ್ಟು ಬಿಟ್ಟೆ. ಉಪ್ಪಿದ್ದರೆ ನೀರು ಹಾಲಿನ ಹಾಗೆ ಬೆಳ್ಳಗಾಗಬೇಕು. ಮೂರೂ ಲೋಟದ ನೀರು ತಿಳಿಯಾಗಿಯೇ ಉಳಿಯಿತು. ಸಮುದ್ರದ ನೀರಿನಲ್ಲಿ ಮರ ಕೊರೆಯುವ ಹುಳುವಿನ ಒಂದು ತೂತೂ ಇರಲಿಲ್ಲ. ತುದಿಯಲ್ಲಿ ತೆಳ್ಳನೆಯ ಚಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಹಿಪ್ಪೆ ಮರ. ಈ ಬಯಲುಸೀಮೆಯ ಕೆರೆಗಳ ಪಕ್ಕದಲ್ಲಿ ಹಿಂದೆ ತೋಪು ತೋಪಾಗಿ ಬೆಳೆಯುತ್ತಿದ್ದ ಮರ ಅದು. ಘಾಟಿ ಇಳಿದು ಹೋಗಿ ತರುವ ಅಗತ್ಯವೇ ಇರಲಿಲ್ಲ.

ತಾತನ ಕಥೆ ಅಲ್ಲಿಗೆ ಮುಳುಗಿತು. ವ್ಯಾಪಾರಿಗೆ ಮಾತ್ರ ಆಗಲೇ ಹೇಳಲಿಲ್ಲ. ನಿಮ್ಮ ತಾತ ತಂದಿದ್ದು ಅಲ್ಲ ಎನ್ನುವ ಮೊದಲು ಮತ್ತೆಲ್ಲಿಯದು ಎಂಬುದು ನನಗೆ ಗೊತ್ತಿರಬೇಕಿತ್ತು.

ಮುಂದಿನ ತಲೆನೋವು ಮಸಿಯದ್ದು. ದೋಣಿಯ ಒಳಮೈ ಪೂರ್ತಿ ಕಪ್ಪು. ದಿಮ್ಮಿಯ ಒಳಗೆ ಬೆಂಕಿ ಹಾಕಿ, ಸುಟ್ಟ ಭಾಗವನ್ನು ಬಾಚಿಯಿಂದ ಕೆತ್ತಿ ತೆಗೆದು ದೋಣಿ ತೋಡುವುದು ಹಳೆಯ ಕ್ರಮ. ಇದೂ ಹಾಗೆಯೇ ಎಂದು ಟಿಪ್ಪಣಿ ಬರೆದು, ಅಂಗೈ ಅಗಲದ ಜಾಗ ಆರಿಸಿ, ಹತ್ತಿಯುಂಡೆಯನ್ನು ದ್ರಾವಣದಲ್ಲಿ ಅದ್ದಿ ಉಜ್ಜಿದೆ. ಕಪ್ಪು ಹೋಯಿತು. ಅಡಿಯಲ್ಲಿ ಬಾಚಿಯ ಪೆಟ್ಟಿನ ಗುರುತುಗಳು ಹೊಸದಾಗಿ ಬಿದ್ದಂತೆ ಅಚ್ಚುಕಟ್ಟಾಗಿ ಕಂಡವು. ನನಗೆ ಖುಷಿಯಾಗಬೇಕಿತ್ತು, ಬದಲಿಗೆ ಕೈ ನಿಂತಿತು. ತೋಡುವಾಗಿನ ಸುಟ್ಟ ಗುರುತಾಗಿದ್ದರೆ ಬಾಚಿ ಅದನ್ನು ಕೆತ್ತಿ ಹಾಕಿರಬೇಕು. ಇಲ್ಲಿ ಕೆತ್ತನೆ ಮುಗಿದ ಮೇಲೆ, ಅದರ ಮೇಲೆ ಹೊಗೆ ಕೂತಿತ್ತು.

ವ್ಯಾಪಾರಿಯನ್ನು ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು. "ಅಟ್ಟದ ಕೆಳಗೆ ಅಡುಗೆಮನೆ ಇತ್ತಲ್ರೀ, ಹೊಗೆ ಮೇಲಕ್ಕೇ ಬರ್ತಿತ್ತು."

"ಕೆಳಗಿನಿಂದ ಬಂದ ಹೊಗೆ ದೋಣಿಯ ತಳಕ್ಕೆ ಹಿಡೀಬೇಕು ಅಲ್ವೇ? ತಳ ಬೆಳ್ಳಗಿದೆ. ಒಳಗೆ ಕಾಯಿ ತುಂಬಿತ್ತು, ಅಲ್ಲಿಗೆ ಹೊಗೆ ಹೇಗೆ ಹೋಯ್ತು?"

"ಅದೇನೋಪ್ಪ, ಅಷ್ಟೆಲ್ಲ ಯಾರ್ ನೋಡವ್ರೆ," ಎಂದು ಅವರು ಕಾಯಿ ಸುಲಿಯುವವರನ್ನು ಗದರಿಸಲು ಹೋದರು.

ಬೆಳಕು ಅಡ್ಡಲಾಗಿ ಬೀಳುವ ಹಾಗೆ ಕನ್ನಡಿ ಹಿಡಿದು ಇಂಚಿಂಚು ನೋಡಿದೆ. ಮಸಿ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಒಂದು ತುದಿಯಲ್ಲಿ ದಪ್ಪ, ಅಲ್ಲಿ ಮರವೂ ಸ್ವಲ್ಪ ಬೆಂದಿತ್ತು. ಅಲ್ಲಿಂದ ದೂರ ಹೋದಂತೆ ತೆಳುವಾಗುತ್ತ ಹೋಗಿತ್ತು. ಮೇಲಂಚಿನಲ್ಲಿ ಮೂರೇ ಮೂರು ಕಡೆ ಮಸಿ ಹಿಡಿದಿರಲಿಲ್ಲ, ಆ ಜಾಗಗಳಲ್ಲಿ ಅಂಚು ಒತ್ತಿ ನಜ್ಜಾಗಿತ್ತು. ಯಾರೋ ದೋಣಿಯನ್ನು ಬೋರಲು ಹಾಕಿ, ಮೂರು ಕಲ್ಲಿನ ಮೇಲೆ ನಿಲ್ಲಿಸಿ, ಕೆಳಗೆ ಬೆಂಕಿ ಹಾಕಿದ್ದರು. ಒಂದು ಹೊತ್ತಿನ ಬೆಂಕಿಗೆ ಇಷ್ಟು ದಪ್ಪ ಮಸಿ ಕೂರುವುದಿಲ್ಲ. ಅದರ ಕೆಳಗೆ ಯಾರೋ ಕೆಲವು ದಿನ ಇದ್ದರು.

ಹತ್ತಿಯುಂಡೆ, ದ್ರಾವಣ ಎಲ್ಲ ಡಬ್ಬಿಗೆ ಹಾಕಿ ಮುಚ್ಚಿದೆ. ಯಾರಿದ್ದರು ಎಂದು ತಿಳಿಯುವವರೆಗೆ ಇನ್ನೊಂದು ಬೆರಳಿನಷ್ಟು ಜಾಗವನ್ನೂ ತೊಳೆಯಬಾರದು ಎಂದು ನಿರ್ಧರಿಸಿದೆ. ಸಮಿತಿಗೆ ಫೋನ್ ಮಾಡಿ ಹೇಳಿದಾಗ, "ಮೇಡಂ, ಮಸಿ ನೋಡೋಕೆ ಜನ ಟಿಕೆಟ್ ತಗೊಂಡು ಬರ್ತಾರಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೊಂದು ಸುಳಿವು ಬಲಗಡೆಯ ಅಂಚಿನಲ್ಲಿತ್ತು. ಅಲ್ಲಿ ಮರ ಸವೆದು, ನುಣುಪಾಗಿ, ಅಗಲ ಮೂಲೆಯ ಕಚ್ಚು ಬಿದ್ದಿತ್ತು. ದೋಣಿಯನ್ನು ಯಾವುದೋ ಗಟ್ಟಿಯಾದ ಮೂಲೆಗೆ ಒತ್ತಿ ವರ್ಷಗಟ್ಟಲೆ ನಿಲ್ಲಿಸಿದ್ದರೆ ಆಗುವ ಸವೆತ ಅದು. ಕೆರೆಯ ದೋಣಿಯನ್ನು ನೀರಿನ ನಡುವೆ ನಿಲ್ಲಿಸಲು ಇರುವ ಜಾಗ ಒಂದೇ, ತೂಬು. ಹಳೆಯ ಕೆರೆಗಳಲ್ಲಿ ಏರಿಯಿಂದ ಸ್ವಲ್ಪ ದೂರ, ನೀರೊಳಗೆ ಎರಡು ಕಲ್ಲುಕಂಬ ನಿಂತಿರುತ್ತವೆ. ಅವುಗಳ ನಡುವೆ ಉದ್ದನೆಯ ಮರದ ಗಳು ಇಳಿಬಿಟ್ಟು ತಳದ ಕಂಡಿಯನ್ನು ಮುಚ್ಚಿರುತ್ತಾರೆ. ಗದ್ದೆಗೆ ನೀರು ಬಿಡುವ ಕೆಲಸದ ನೀರಗಂಟಿ ಅಲ್ಲಿಗೆ ಹೋಗಿ ಗಳು ಎತ್ತಬೇಕು. ಸಾಮಾನ್ಯವಾಗಿ ಆ ಕಂಬಗಳು ಚೌಕ. ನನ್ನ ಕಚ್ಚಿಗೆ ಚೌಕದ ಮೂಲೆ ಕೂರುತ್ತಿರಲಿಲ್ಲ. ಎಂಟು ಮೂಲೆಯ ಕಂಬ ಬೇಕಿತ್ತು. ರಟ್ಟಿನಲ್ಲಿ ಆ ಕಚ್ಚಿನ ಆಕಾರ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಗಂಟಲು ಒಣಗುತ್ತದೆ. ಬೆಳಗ್ಗೆ ಲಾಡ್ಜಿನಿಂದ ಹೊರಟು ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ, ಒಂದು ದಿನ ತುರುವೇಕೆರೆ ಕಡೆ, ಒಂದು ದಿನ ಸಂಪಿಗೆ ಕಡೆ, ಇನ್ನೊಂದು ದಿನ ಹುಳಿಯಾರಿನ ದಿಕ್ಕಿಗೆ. ಹೇಮಾವತಿ ನಾಲೆಯ ನೀರು ತುಂಬಿದ್ದ ಕೆರೆಗಳಲ್ಲಿ ಕಂಬದ ಹತ್ತಿರ ಹೋಗುವಂತಿರಲಿಲ್ಲ. ಒಣಗಿದ ಕೆರೆಗಳಲ್ಲಿ ಬಿರಿದ ಮಣ್ಣಿನ ಮೇಲೆ ನಡೆದು ಹೋಗಿ ರಟ್ಟು ಹಿಡಿದು ನೋಡುತ್ತಿದ್ದೆ. ಚೌಕ, ಚೌಕ, ಮತ್ತೆ ಚೌಕ. ಕೆಲವು ಕಡೆ ಕಂಬಗಳನ್ನು ಕಿತ್ತು ಕಬ್ಬಿಣದ ಗೇಟು ಕೂರಿಸಿದ್ದರು. ಅರಳಿಕಟ್ಟೆಯಲ್ಲಿ ಕೂತವರಿಗೆ ದೋಣಿಯ ಫೋಟೊ ತೋರಿಸಿದರೆ ತಮಾಷೆಯಾಗುತ್ತಿತ್ತು.

"ದೋಣಿನಾ? ನಮ್ಮೂರಿಗೆ ಬಸ್ಸೇ ನೆಟ್ಟಗೆ ಬರಾಕಿಲ್ಲ, ದೋಣಿ ಎಲ್ಲಿಂದ ಬತ್ತದೆ ಬುಡಕ್ಕ!"

ಸಂಜೆ ತಿಪಟೂರಿಗೆ ವಾಪಸಾಗಿ ಹೋಟೆಲಿನಲ್ಲಿ ಗೋಡೆ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದೆ. ಇಡೀ ದಿನದಲ್ಲಿ ನಾನಾಡಿದ ಮಾತು ಟಿಕೆಟ್ ಕೇಳಲು, ದಾರಿ ಕೇಳಲು, ಅನ್ನ ಕೇಳಲು ಮಾತ್ರ. ಒಂಟಿತನ ನನಗೆ ಹೊಸದಲ್ಲ. ಮನೆಯಲ್ಲೂ ಕಾಯುವವರು ಯಾರೂ ಇಲ್ಲ, ಅದನ್ನು ನಾನೇ ಆರಿಸಿಕೊಂಡಿದ್ದು. ಆದರೆ ಆ ದಿನಗಳಲ್ಲಿ ಅದು ಚೆನ್ನಾಗಿ ಚುಚ್ಚಿತು. ನಾನು ಬಾರದಿದ್ದರೆ ಲಾಡ್ಜಿನ ಬೀಗದ ಕೈ ಮೊಳೆಗೆ ನೇತಾಡುತ್ತದೆ, ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಯಾರಿಗೂ ಆಗುವುದಿಲ್ಲ ಎನ್ನಿಸುತ್ತಿತ್ತು.

ಕೊನೆಗೆ ಸಿಕ್ಕಿದ್ದು ಚಿಕ್ಕನಾಯಕನಹಳ್ಳಿಯ ಆಚೆ, ಗುಡ್ಡಗಳ ಮಗ್ಗುಲಲ್ಲಿ. ಊರಿನ ಹೆಸರು ಬೇಡ. ಕೆರೆ ಒಣಗಿತ್ತು. ಏರಿಯ ಕೆಳಗೆ ಮೂರ್ನಾಲ್ಕು ಮುದಿ ಹಿಪ್ಪೆ ಮರ, ಅವುಗಳ ನಡುವೆ ಬಹಳ ಹಿಂದೆ ಕಡಿದ ಭಾರಿ ಬೊಡ್ಡೆಯೊಂದು. ಕೆರೆಯಂಗಳದಲ್ಲಿ ಎರಡು ಕಂಬ. ಹತ್ತಿರ ಹೋಗುವ ಮೊದಲೇ ಎಂಟು ಮೂಲೆ ಕಾಣಿಸಿತು. ರಟ್ಟನ್ನು ಒತ್ತಿದೆ. ಗಾಳಿ ಹೋಗಲೂ ಸಂದಿಯಿಲ್ಲದಂತೆ ಕೂತಿತು. ನನಗೆ ಕೂಗಬೇಕೆನಿಸಿತು, ಕೂಗಿದರೆ ಕೇಳಲು ಕುರಿಗಳು ಬಿಟ್ಟರೆ ಯಾರೂ ಇರಲಿಲ್ಲ.

ಕುರಿ ಕಾಯುತ್ತಿದ್ದವರು ನಿಧಾನವಾಗಿ ಬಂದರು. ಫೋಟೊ ನೋಡಿ ಅವರು ಉಳಿದವರಂತೆ ನಗಲಿಲ್ಲ.

"ಇದ್ನ ಯಾಕ್ ಕೇಳ್ತೀರಕ್ಕ? ನಂಗೊತ್ತಿಲ್ಲ. ಹಟ್ಟೀಲಿ ವಯಸ್ಸಾದ ಅಜ್ಜಿ ಒಬ್ರವ್ರೆ, ಅವ್ರನ್ನ ಕೇಳಿ. ನಾನು ಹೇಳ್ದೆ ಅನ್ಬ್ಯಾಡಿ."

ಊರಿನಿಂದ ಬೇರೆಯಾಗಿ, ಕೆರೆಯ ಆಚೆ ದಿಬ್ಬದ ಮೇಲೆ ಕುರಿ ಸಾಕುವವರ ಹಟ್ಟಿ. ಅಜ್ಜಿಗೆ ಎಪ್ಪತ್ತು ದಾಟಿದೆ, ನಡಿಗೆ ನನಗಿಂತ ಚುರುಕು. ಕುರಿರೊಪ್ಪದ ಪಕ್ಕ ಕೂತು ಹುರುಳಿ ಕೇರುತ್ತಿದ್ದರು. ಫೋಟೊ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ನಂಗೇನೂ ಕಾಣಾಕಿಲ್ಲ ಕಣವ್ವ," ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಕಾಳಿನಲ್ಲಿ ಕಲ್ಲು ಆರಿಸುವ ಕಣ್ಣಿಗೆ ದೋಣಿ ಕಾಣದೇ ಹೋಯಿತು.

ಮಾರನೆಯ ದಿನ ಮತ್ತೆ ಹೋದೆ. ಆ ದಿನ ಏನೂ ಕೇಳಲಿಲ್ಲ. ಜಗುಲಿಯ ಮೇಲೆ ಕೂತೆ, ಅವರು ನೀರು ಕೊಟ್ಟರು, ಕುಡಿದೆ. ಬಸ್ಸಿನ ಹೊತ್ತಾಯಿತು ಎಂದು ಎದ್ದಾಗ ಹಿಂದಿನಿಂದ ಅವರ ದನಿ ಬಂತು.

"ಒಳಗಡೆ ಕರ‍್ರಗೈತಾ?"

ಫೋಟೊದಲ್ಲಿ ಹೊರಮೈ ಮಾತ್ರ ಇತ್ತು. ಒಳಗಿನ ಮಸಿಯ ಮಾತು ನಾನು ಎತ್ತಿರಲೇ ಇಲ್ಲ. ನಿಂತಲ್ಲೇ ಕೂತೆ.

"ಹೌದಜ್ಜಿ, ಕಪ್ಪಗಿದೆ. ಒಂದು ಕೊನೇಲಿ ಹೆಚ್ಚು."

"ಚಿಪ್ಪಿನ್ ಬೆಂಕಿ ಕಣವ್ವ ಅದು. ತೆಂಗಿನ ಚಿಪ್ಪು. ಮಳೇಲಿ ಬ್ಯಾರೆ ಸೌದೆ ಎಲ್ಲಿ ಸಿಕ್ಕಾತು?" ಎಂದರು. ಮೊರವನ್ನು ಮಡಿಲಿಗೆ ಎಳೆದುಕೊಂಡು, "ನಾನು ಹುಟ್ಟಿದ್ದು ಅದ್ರ ಕೆಳಗೇ," ಎಂದರು.

ಹೆರಿಗೆಗೆ ಬಂದವಳು ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಬೇಕೆಂಬುದು ಅವರ ಹಿರಿಯರ ಕಟ್ಟಳೆ. ಅಜ್ಜಿಯ ತಾಯಿಯ ಗುಡಿಸಲು ಕೆರೆಯ ದಂಡೆಯಲ್ಲಿತ್ತು. ಸೋಗೆ ಹೊದಿಸಿದ ಗುಡಿಸಲು. ನೋವು ಶುರುವಾದ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು, ಕೋಡಿ ಬಿದ್ದು, ಗುಡಿಸಲು ಕುಸಿಯಿತು. ತೂಬು ನೋಡಲು ಬಂದಿದ್ದ ಊರಿನ ನೀರಗಂಟಿಗೆ ಕೂಗು ಕೇಳಿಸಿತು. ಅವನು ದೋಣಿಯನ್ನು ದಡಕ್ಕೆಳೆದು, ತೂಬಿನ ಗಳುವನ್ನೇ ಮೀಟುಗೋಲು ಮಾಡಿಕೊಂಡು, ಅವಳ ಮೇಲೆ ಬೋರಲು ಹಾಕಿ, ಕಲ್ಲು ಕೊಟ್ಟು ನಿಲ್ಲಿಸಿದ. ತೋಟದಿಂದ ಚಿಪ್ಪು ಹೊತ್ತು ತಂದು ಬೆಂಕಿ ಮಾಡಿಕೊಟ್ಟು ದೂರ ಹೋಗಿ ಕೂತ. ಮಗುವಾಯಿತು. ಸೂತಕ ಕಳೆಯುವವರೆಗೆ ತಾಯಿ, ಮಗು ಅದರಡಿಯಲ್ಲೇ ಇದ್ದರು.

"ಆಮ್ಯಾಕೆ ಊರೋರು ಸೇರಿ, ಸೂತಕದ ದೋಣಿ ಗಂಗಮ್ಮನ ಮೇಲೆ ಇಳಿಯಂಗಿಲ್ಲ, ಸುಟ್ಟಾಕು ಅಂದ್ರಂತೆ. ಸುಟ್ಟೆ ಅಂದ್ನಂತೆ ಅವನೂ. ಹೊಸಾದು ಯಾರೂ ಮಾಡಿಸ್ಕೊಡ್ಲಿಲ್ಲ. ಅವತ್ತಿಂದ ತೂಬಿಗೆ ಈಜ್ಕೊಂಡೇ ಹೋಯ್ತಿದ್ದ ಕಣವ್ವ. ಚಳೀಲೂ ಅಷ್ಟೇ, ವಯಸ್ಸಾದ್ಮ್ಯಾಲೂ ಅಷ್ಟೇ. ನಾನು ಹುಟ್ಟಿದ್ದು ಒಂದ್ಸಲ. ಅವ್ನು ಅದಕ್ಕೆ ಸಾಯಗಂಟ ಈಜ್ದ."

ಅಜ್ಜಿ ಮೊರದ ಅಂಚನ್ನು ಸವರುತ್ತ ಕೂತರು. ಆ ದೋಣಿ ಸುಟ್ಟು ಬೂದಿಯಾಗಿದೆ ಎಂದೇ ಅವರು ಇಡೀ ಬದುಕು ನಂಬಿದ್ದರು. ಅದು ಉಳಿದಿದೆ, ತಿಪಟೂರಿನ ಅಟ್ಟದ ಮೇಲೆ ಕಾಯಿ ತುಂಬಿಕೊಂಡಿತ್ತು ಎಂದೆ. ಬಾಯಿಗೆ ಸೆರಗು ಒತ್ತಿಕೊಂಡರು.

"ಒಂದ್ಸಲ ತೋರಿಸ್ತೀಯಾ?"

ತೋರಿಸುತ್ತೇನೆ ಎಂದೆ. ಈ ವಿಚಾರ ಬರೆಯಬಹುದೇ ಎಂದೂ ಕೇಳಿದೆ. ಬರಹದಲ್ಲಿ ತನ್ನ ಹೆಸರು, ಊರ ಹೆಸರು ಬೇಡ, ಅವನು ಮಾಡಿದ್ದು ಬರಲಿ ಎಂದರು.

ಈಗ ವ್ಯಾಪಾರಿಯ ಮುಂದೆ ಕೂರಬೇಕಿತ್ತು. ವರದಿ ಬರೆದು ಸಮಿತಿಗೆ ಕಳಿಸಿ ಊರು ಬಿಡಬಹುದಿತ್ತು, ಆದರೆ ದೋಣಿ ಅವರದು, ಕೊಡುವವರು ಅವರು. ಅವರ ಗಾದಿಯ ಎದುರು ಕೂತು ಉಪ್ಪಿನಿಂದ ಹಿಡಿದು ಸೂತಕದವರೆಗೆ ಎಲ್ಲ ಹೇಳಿದೆ. ಊರಿನ ಹೆಸರು ಕೇಳಿದ ಕೂಡಲೇ ಅವರ ಮುಖದ ಬಣ್ಣ ಬದಲಾಯಿತು.

"ಆ ಕಡೆ ತೋಟದ ಕಾಯೆಲ್ಲ ನಮ್ಮ ತಾತನೇ ಗಾಡೀಲಿ ತುಂಬ್ಕೊಂಡು ಬತ್ತಿದ್ದಿದ್ದು." ಹಣೆಯ ವಿಭೂತಿ ಒರೆಸಿಕೊಂಡರು. "ಹಂಗಾದ್ರೆ ನೀರಗಂಟಿ ಸುಡ್ದೆ ನಮ್ಮ ತಾತನ ಗಾಡಿಗೆ ಏರಿಸ್ಬುಟ್ಟವ್ನೆ. ತಾತನ ಅವ್ವ ಭಾರಿ ಮಡಿ ಹೆಂಗ್ಸಂತೆ. ನಿಜ ಹೇಳಿದ್ರೆ ದೋಣಿ ಜೊತೆ ತಾತನ್ನೂ ಬೀದೀಲೇ ನಿಲ್ಸಿರೋರು. ಅದಕ್ಕೇ ಸಮುದ್ರ ತಂದವ್ರೆ ನೋಡಿ ಮಧ್ಯಕ್ಕೆ!"

ನನಗೆ ನಗು ಬಂತು. ಅವರು ನಗಲಿಲ್ಲ.

"ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ನಾನೂ ನಾಲ್ಕು ಜನಕ್ಕೆ ಹೇಳೋನೇ ಕಣ್ರೀ. ಆದ್ರೂ ನಮ್ಮ ಅಟ್ಟದ ಕೊಬ್ಬರಿ ಮದುವೆ ಮನೆಗೆ ಹೋಗ್ತದೆ, ದೇವ್ರಿಗೆ ಹೋಗ್ತದೆ. ಹೆರಿಗೆ ಆದ ದೋಣೀಲಿ ಕಾಯಿ ಇಟ್ಟಿದ್ರು ಅಂತ ಬೋರ್ಡು ಹಾಕಿದ್ರೆ ಜನ ಏನಂತಾರೆ? ಸಮುದ್ರದ್ದು ಅಂತಲೇ ಬರೀರಿ. ಇಲ್ಲಾಂದ್ರೆ ಬೇಡ. ಸೋಮವಾರ ರೆಸಾರ್ಟಿನೋರ ಲಾರಿ ಬತ್ತದೆ, ಏರಿಸಿ ಕಳಿಸ್ಬುಡ್ತೀನಿ."

ಲಾಡ್ಜಿಗೆ ಬಂದು ಹಾಸಿಗೆಯ ಮೇಲೆ ಕೂತೆ. "ಕರಾವಳಿಯಿಂದ ತಂದದ್ದೆಂದು ಕುಟುಂಬದವರ ಹೇಳಿಕೆ." ಇಷ್ಟು ಬರೆದರೆ ಸುಳ್ಳೂ ಅಲ್ಲ, ಸತ್ಯವೂ ಅಲ್ಲ. ದೋಣಿ ಉಳಿಯುತ್ತದೆ, ಮಸಿ ತೊಳೆದರೆ ಸಮಿತಿಯೂ ಸಂತೋಷಪಡುತ್ತದೆ, ನಾನು ಮನೆಗೆ ಹೋಗುತ್ತೇನೆ. ಬರೆದೆ ಕೂಡ. ಬರೆದಿದ್ದನ್ನು ಓದಿದಾಗ ಮೈಯೆಲ್ಲ ಉರಿಯಿತು. ಆ ದೋಣಿಯನ್ನು ಒಂದು ಸಲ ಸುಟ್ಟಂತೆ ಮಾಡಿ ಉಳಿಸಿದ್ದರು. ನಾನು ಉಳಿಸಿದಂತೆ ಮಾಡಿ ಸುಡಲು ಹೊರಟಿದ್ದೆ. ಹಾಳೆ ಹರಿದೆ. ಅಜ್ಜಿಗೆ ಕೊಟ್ಟ ಮಾತೊಂದು ಬಾಕಿ ಇತ್ತು, ಅದನ್ನಾದರೂ ಲಾರಿ ಬರುವ ಮೊದಲು ನಡೆಸೋಣ ಎಂದು ಬೆಳಗ್ಗೆ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದೆ.

ಅಜ್ಜಿ ಒಗೆದ ಸೀರೆ ಉಟ್ಟು ಬಂದರು. ದಾರಿಯುದ್ದಕ್ಕೂ ಕಿಟಕಿಯ ಕಂಬಿ ಹಿಡಿದುಕೊಂಡು ಕೂತಿದ್ದರು. ವ್ಯಾಪಾರಿಯ ಮನೆ ಮುಂದೆ ಬಂದಾಗ ಹೊಸ್ತಿಲಿನ ಈಚೆಯೇ ನಿಂತರು. ಒಳಗಿನಿಂದ ಬಂದ ವ್ಯಾಪಾರಿ ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದರು. ನಾನೇನು ಹೇಳುವುದೆಂದು ತಡವರಿಸುತ್ತಿದ್ದಾಗ ಅಜ್ಜಿಯೇ ಕೈಮುಗಿದರು.

"ಒಂದ್ಸಲ ನೋಡ್ಕೊಂಡು ಹೊಂಟೋಯ್ತೀನಿ ಸ್ವಾಮಿ. ಏನೂ ಮುಟ್ಟಾಕಿಲ್ಲ."

ವಯಸ್ಸಾದವರು ಬಾಗಿಲಿಗೆ ಬಂದು ಹಾಗೆಂದರೆ ಆ ಸೀಮೆಯಲ್ಲಿ ಯಾರಿಗೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ವ್ಯಾಪಾರಿ ಪಕ್ಕಕ್ಕೆ ಸರಿದು, "ಬನ್ನಿ, ಹಿತ್ಲಲ್ಲೈತೆ," ಎಂದು ತಾವೇ ಮುಂದೆ ನಡೆದರು.

ಅಜ್ಜಿ ದೋಣಿಯ ಅಂಚಿನವರೆಗೆ ಹೋದರು. ಮುಟ್ಟುವುದಿಲ್ಲ ಎಂದವರು ಎರಡೂ ಅಂಗೈ ಊರಿ ಒಳಗಿನ ಮಸಿ ನೋಡಿದರು. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, "ಇದ್ನ ಬೋರಲು ಹಾಕಿಸ್ತೀರಾ ಸ್ವಾಮಿ?" ಎಂದು ಕೇಳಿದರು.

ವ್ಯಾಪಾರಿ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಮಂಡಿಯಿಂದ ಹಮಾಲರನ್ನು ಕರೆಸಿದರು. ಆರು ಜನ ಉಸಿರು ಬಿಗಿಹಿಡಿದು ಮಗುಚಿದರು. ತಾಯಿ ಹೇಳುತ್ತಿದ್ದುದನ್ನು ನೆನೆದು ಅಜ್ಜಿ ತೋರಿಸಿದ ಕಡೆ ಮೂರು ಸೈಜುಗಲ್ಲು ಕೊಟ್ಟರು. ಮಸಿಯಿಲ್ಲದ ಮೂರು ಜಾಗಗಳು ಸರಿಯಾಗಿ ಕಲ್ಲಿನ ಮೇಲೆ ಕೂತವು.

"ಆರು ಜನ," ಎಂದರು ಅಜ್ಜಿ. "ಅವ್ನು ಒಬ್ನೇ ಹಾಕಿದ್ನಂತೆ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಒಳಗೆ ನುಸುಳಿದರು. ನಾನು ಹೊರಗೆ ನಿಂತೆ. ಅದು ಅವರ ಜಾಗ, ನನಗೇನು ಕೆಲಸ ಎನಿಸಿತು. ಒಳಗಿನಿಂದ ದನಿ ಬಂತು. "ಬಾರವ್ವ ನೀನೂವೆ. ಒಬ್ಳೇ ಯಾಕ್ ನಿಂತೀಯಾ ಅಲ್ಲಿ?"

ಒಂದು ಕ್ಷಣ ಕಣ್ಣು ತುಂಬಿಬಂತು. ಆ ಮೂರು ತಾಲ್ಲೂಕಿನಲ್ಲಿ ಅಷ್ಟು ದಿನದಲ್ಲಿ ನನ್ನನ್ನು 'ಬಾ' ಎಂದು ಕರೆದವರು ಅವರೊಬ್ಬರೇ. ನುಸುಳಿ ಹೋಗಿ ಅವರ ಬೆನ್ನ ಹಿಂದೆ ಮುದುರಿ ಕೂತೆ. ಒಳಗೆ ಹಳೆಯ ಕೊಬ್ಬರಿಯ ವಾಸನೆ, ಅದರಡಿಯಲ್ಲಿ ಹೊಗೆಯದು. ನಾನು ತೊಳೆದ ಜಾಗ ಅಜ್ಜಿಯ ಕಣ್ಣಿಗೆ ಬಿತ್ತು.

"ಇಲ್ಲ್ಯಾಕವ್ವ ಬೆಳ್ಳಗಾಗೈತೆ?"

"ನಾನೇ ಅಜ್ಜಿ. ಗೊತ್ತಾಗದೆ ತೊಳೆದೆ."

"ಇನ್ನ ತೊಳೀಬ್ಯಾಡ."

ಹೊರಗಿನಿಂದ ವ್ಯಾಪಾರಿಯ ಪಾದಗಳು ಮಾತ್ರ ಕಾಣುತ್ತಿದ್ದವು. ಅವು ಅತ್ತ ಹೋದವು, ಇತ್ತ ಬಂದವು, ನಿಂತವು. ಆಮೇಲೆ ಅವರು ಕುಕ್ಕರುಗಾಲಿನಲ್ಲಿ ಕೂತು ಬಗ್ಗಿ ಒಳಗೆ ನೋಡಿದರು. ಅಜ್ಜಿ ಅವರಿಗೆ ಹೇಳಿದರು:

"ಅವ್ನು ಸುಟ್ಟೆ ಅಂತ ಸುಳ್ಳು ಹೇಳ್ದ, ನಿಮ್ ತಾತ ಸಮುದ್ರದ್ದು ಅಂತ ಸುಳ್ಳು ಹೇಳುದ್ರು. ಇಬ್ರೂ ಒಳ್ಳೇ ಸುಳ್ಳೇ ಹೇಳವ್ರೆ ಸ್ವಾಮಿ. ನಿಜ ಹೇಳಿದ್ರೆ ಇದು ಎಲ್ಲಿ ಉಳೀತಿತ್ತು?"

ವ್ಯಾಪಾರಿ ಎದ್ದು ಹೋದರು. ರೆಸಾರ್ಟಿನವರಿಗೆ ಲಾರಿ ಕಳಿಸಬೇಡಿ ಎಂದು ಅವರು ಫೋನಿನಲ್ಲಿ ಹೇಳುವುದು ನಮಗೆ ಒಳಗಿನಿಂದಲೇ ಕೇಳಿಸಿತು. ಮರಳಿ ಬಂದು ಮತ್ತೆ ಬಗ್ಗಿದರು.

"ಮೇಡಂ, ಇದ್ದದ್ ಇದ್ದಂಗೇ ಬರೀರಿ. ತಾತ ಸುಳ್ಳು ಹೇಳಿ ಉಳಿಸಿದ್ರು ಅಂತಾನೂ ಬರೀರಿ. ಕೊಬ್ಬರಿ ಕೊಳ್ಳದೋರು ಕೊಳ್ಳದೇ ಇರ್ಲಿ." ಆಮೇಲೆ ದನಿ ತಗ್ಗಿಸಿ, "ಅಜ್ಜಿ, ಹೊರಗೆ ಬನ್ನಿ, ಊಟಕ್ಕೆ ಎಲೆ ಹಾಕಿಸ್ತೀನಿ," ಎಂದರು.

ದೋಣಿಯನ್ನು ಬೋರಲಾಗಿಯೇ, ಮೂರು ಕಲ್ಲಿನ ಮೇಲೆ, ಮಸಿಯ ಸಮೇತ ಇಡಬೇಕು ಎಂದು ವರದಿಯಲ್ಲಿ ಬರೆದೆ. ಸಮಿತಿಯವರು ವಾರಗಟ್ಟಲೆ ಎಳೆದಾಡಿ, ಅಲೆಗಳ ಫಲಕದ ಖರ್ಚಿಗೆ ಗೊಣಗಿ, ಒಪ್ಪಿದರು. ನೋಡಬೇಕೆನ್ನುವವರು ಈಗ ಬಗ್ಗಿ ನೋಡಬೇಕು. ಹೆಚ್ಚಿನವರು ಬಗ್ಗುವುದಿಲ್ಲ.

ಆದರೆ ಆ ದಿನ ಊಟಕ್ಕೆ ಏಳುವ ಮೊದಲು, ಆ ಕತ್ತಲಲ್ಲಿ, ನಾನು ನೀರಗಂಟಿಯ ಹೆಸರು ಕೇಳಿದ್ದೆ. ಫಲಕಕ್ಕೆ ಬೇಕು ಎಂದೆ.

"ಗೊತ್ತಿಲ್ಲ ಕಣವ್ವ. ಊರೋರು ನೀರಗಂಟಿ ಅನ್ನೋರು, ನಮ್ಮವ್ವ ಅಣ್ಣ ಅನ್ನೋಳು. ನಾನು ಮಾತಾಡಿಸ್ತಿರ್ಲಿಲ್ಲ, ಭಯ. ತೂಬು ಎತ್ತೋ ದಿನ ಏರಿ ಮ್ಯಾಲೆ ಹೋಗಿ ನಿಂತ್ಕಳ್ತಿದ್ದೆ. ಅವ್ನು ದಡ ಸೇರೋಗಂಟ ಮನೆಗೆ ಹೋಯ್ತಿರ್ಲಿಲ್ಲ."

"ಅವರಿಗೆ ಗೊತ್ತಿತ್ತಾ ಅಜ್ಜಿ, ನೀವು ನಿಂತಿರ್ತೀರಿ ಅಂತ?"

"ಗೊತ್ತಿಲ್ದೆ ಏನು? ದಡಕ್ಕೆ ಬಂದ ತಕ್ಷಣ ನನ್ ಕಡೆ ತಿರುಗಿ ಕೈ ಎತ್ತೋನು. ಬಂದೆ ಕಣವ್ವ, ಮನೆಗೋಗು ಅನ್ನಂಗೆ."